ಐದು ವಾರದ ಗ್ರಹ

ಜೂನ್ 3

ಅಮ್ಮಾ,

ನಿನ್ನ ಮೂರೂ ಕಾಗದಕ್ಕೆ ಸೇರಿಸಿ ಒಂದೇ ಉತ್ತರ. ಬದುಕಿದೀನಿ. ಹೊತ್ತಿಗೆ ಸರಿಯಾಗಿ ತಿಂತೀನಿ. ಸ್ಕೂಲಿಗೆ ವಾಪಸ್ ಬರಲ್ಲ, ಅದನ್ನ ಮತ್ತೆ ಕೇಳ್ಬೇಡ. ಹತ್ತನೇ ಕ್ಲಾಸಿನ ನಡುವೆ ಎದ್ದು ಬಂದಿದ್ದಕ್ಕೆ ಎರಡು ವರ್ಷ ಆದ್ರೂ ನಂಗೆ ಬೇಜಾರಿಲ್ಲ. ಉತ್ತರ ಸರಿ ಇದ್ರೂ ಹೆಜ್ಜೆ ತೋರಿಸಿಲ್ಲ ಅಂತ ಇಡೀ ಕ್ಲಾಸಿನ ಮುಂದೆ ಸ್ವಂತ ಮಗಳಿಗೆ ಸೊನ್ನೆ ಕೊಡೋ ಲೆಕ್ಕದ ಟೀಚರ್ ಹತ್ರ ನಾನು ಕಲಿಯೋದು ಏನೂ ಉಳಿದಿರ್ಲಿಲ್ಲ. ಆಯ್ತು, ಹೇಳ್ಬಿಟ್ಟೆ. ಮನಸ್ಸು ಹಗುರ ಆಯ್ತು.

ಫೋನ್ ಯಾಕೆ ಎತ್ತಲ್ಲ ಅಂತ ಬರೆದಿದ್ಯ. ಎತ್ತೋಕೆ ಫೋನ್ ಇದ್ರೆ ತಾನೆ! ಇಲ್ಲಿ ಫೋನ್ ಇಟ್ಕೊಳ್ಳೋ ಹಾಗೇ ಇಲ್ಲ. ಬೆಟ್ಟಗಳ ನಡುವೆ ದೊಡ್ಡ ಬಾಣಲೆ ಥರದ ಒಂದು ರೇಡಿಯೋ ದೂರದರ್ಶಕ ಇದೆ. ಆಕಾಶದಿಂದ ಬರೋ ಸದ್ದು ಹಿಡಿಯುತ್ತೆ. ಆ ಸದ್ದು ಎಷ್ಟು ಸಣ್ಣದು ಅಂದ್ರೆ, ಪಕ್ಕದ ಊರಲ್ಲಿ ಯಾರೋ ಫೋನ್ ಆನ್ ಮಾಡಿದ್ರೆ ಮುಗೀತು, ಇದಕ್ಕೆ ಕಿವುಡು. ಅದಕ್ಕೇ ಸುತ್ತಮುತ್ತ ಎಲ್ಲಾ ಬಂದ್. ಆ ಬಂದ್ ಕಾಯೋದು ನನ್ನ ಕೆಲಸ. ಒಂದು ವ್ಯಾನು, ಕೈಯಲ್ಲಿ ಹಿಡಿಯೋ ಆಂಟೆನಾ, ಕಿವಿಗೆ ಹೆಡ್‌ಫೋನು. ಎಲ್ಲಿ ಕರಕರ ಅನ್ನುತ್ತೋ ಆ ಮನೆ ಬಾಗಿಲು ಬಡಿಯೋದು. ವ್ಯಾನ್ ಓಡಿಸೋರನ್ನ ಊರಿಗೆ ಊರೇ ಚಿಕ್ಕಪ್ಪ ಅನ್ನುತ್ತೆ, ನಾನೂ ಹಂಗೇ ಕರೀತೀನಿ.

ನಿನ್ನೆ ಒಬ್ಬ ಟೈಲರ್ ಅಂಗಡಿಗೆ ನುಗ್ಗಿ, "ನಿಮ್ಮ ಮಷಿನ್ ಮೋಟರ್ ಕಿಡಿ ಕಾರ್ತಿದೆ, ನಿಲ್ಸಿ" ಅಂದೆ. ಅವ್ನು ಕತ್ತರಿ ಕೆಳಗಿಟ್ಟು, "ನೀನೂ ಕಾರ್ತಿದೀಯಲ್ಲಮ್ಮಾ, ನಿನ್ನ ಯಾರು ನಿಲ್ಲಿಸ್ತಾರೆ?" ಅಂದ. ಚಿಕ್ಕಪ್ಪ ವ್ಯಾನಿಗೆ ಒರಗಿ ನಿಂತು ಕೆಮ್ಮು ಬರೋವರ್ಗೂ ನಕ್ರು. ಮೋಟರ್ ರಿಪೇರಿ ನಾವೇ ಮಾಡಿಸಿಕೊಟ್ವಿ.

ಕೆಲಸ ಚೆನ್ನಾಗಿದೆ. ಬೈಯೋಕೆ ಸಂಬಳ ಕೊಡ್ತಾರೆ, ಇನ್ನೇನು ಬೇಕು.

ಕಿಡಿ

*

ಜೂನ್ 19

ಕಿಡಿ,

ನಿನ್ನ ಕಾಗದ ತಲುಪಿತು. "ತಿಂತೀನಿ" ಎಂದು ಬರೆದಿದ್ದೀಯ, ಏನು ತಿನ್ನುತ್ತೀಯ ಎಂದು ಬರೆದಿಲ್ಲ. ಮಂಚವಿದೆಯೋ ಚಾಪೆಯೋ, ಕೋಣೆಗೆ ಕಿಟಕಿ ಇದೆಯೋ ಇಲ್ಲವೋ, ಅದೂ ಇಲ್ಲ. ಟೈಲರನ ಮೋಟರಿನ ಬಗ್ಗೆ ಮಾತ್ರ ಎಲ್ಲ ಗೊತ್ತಾಯಿತು.

ಸೊನ್ನೆಯ ವಿಷಯ ಓದಿದೆ. ಅದಕ್ಕೆ ನಾನು ಕಾಗದದಲ್ಲಿ ಉತ್ತರ ಬರೆಯುವುದಿಲ್ಲ. ಬರೆಯಲು ಕೂತು ನಾಲ್ಕು ಹಾಳೆ ಹರಿದೆ.

ಇಲ್ಲಿ ಎಲ್ಲ ಎಂದಿನಂತೆ. ನಿನ್ನ ಬೆಂಚಿನಲ್ಲಿ ಈಗ ಮೂವರು ಕೂರುತ್ತಾರೆ, ಮೂವರೂ ಸೇರಿ ನಿನ್ನಷ್ಟು ಗಲಾಟೆ ಮಾಡುವುದಿಲ್ಲ. ತರಗತಿ ಬೇಗ ಮುಗಿಯುತ್ತದೆ. ಸಂಜೆಗಳು ಉದ್ದವಾಗಿವೆ.

ಆ ಬಾಣಲೆ ಆಕಾಶದಲ್ಲಿ ಏನನ್ನು ಕೇಳುತ್ತಿದೆ? ಅದನ್ನು ಕಾಯುವವಳು ನೀನು, ಕೇಳಿ ತಿಳಿದುಕೊಂಡು ಬರೆ. ಪರೀಕ್ಷೆಗಲ್ಲ, ನನಗೆ ತಿಳಿಯಬೇಕು.

ಅಮ್ಮ

*

ಜುಲೈ 14

ಅಮ್ಮಾ,

ಮಂಚ ಇದೆ. ಕಿಟಕಿ ಇದೆ, ಬಾಗಿಲಿಗಿಂತ ದೊಡ್ಡದು. ಬ್ರೆಡ್ಡು, ಮೊಟ್ಟೆ, ಸೂಪು. ಸಾಕಾ?

ಇಲ್ಲಿ ಒಬ್ರು ವಿಜ್ಞಾನಿ ಇದಾರೆ. ಎಲ್ಲರೂ ಡಾಕ್ಟ್ರು ಅಂತಾರೆ. ಪಿಎಚ್‌ಡಿ ಡಾಕ್ಟ್ರು, ಆದ್ರೆ ಊರೋರಿಗೆ ಅದು ತಲೆಗೆ ಹೋಗಲ್ಲ, ಮಂಡಿನೋವು ಅಂತ ಗೇಟಿಗೆ ಬರ್ತಾರೆ. ಪಾಪ ಅವ್ರು ಒಂದು ಡಬ್ಬಿ ಮುಲಾಮು ತಂದಿಟ್ಕೊಂಡಿದಾರೆ. ನೀನು ಕೇಳಿದ್ದನ್ನ ಅವ್ರನ್ನೇ ಕೇಳ್ದೆ. ಬೈತಾರೇನೋ ಅಂದ್ಕೊಂಡಿದ್ದೆ, ಕುರ್ಚಿ ಎಳೆದು ಕೂರಿಸ್ಕೊಂಡ್ರು.

ಪಲ್ಸಾರ್ ಅಂತ ಇದೆ. ಸತ್ತ ನಕ್ಷತ್ರ. ಸತ್ರೂ ಸುಮ್ಮನಿರಲ್ಲ, ಬುಗುರಿ ಥರ ಗಿರ್ ಅಂತ ಸುತ್ತುತ್ತೆ. ಪ್ರತಿ ಸುತ್ತಿಗೂ ಒಂದು ಸಲ ನಮ್ಮ ಕಡೆ ರೇಡಿಯೋ ಸದ್ದು ಬೀಸುತ್ತೆ, ಟಕ್. ಡಾಕ್ಟ್ರು ನೋಡ್ತಿರೋದು ಸೆಕೆಂಡಿಗಿಂತ ಒಂಚೂರು ಜಾಸ್ತಿ ಹೊತ್ತಿಗೊಂದು ಟಕ್ ಅನ್ನುತ್ತೆ. ಗಡಿಯಾರ ತಪ್ಪಿದ್ರೂ ಅದು ತಪ್ಪಲ್ವಂತೆ. ಆದ್ರೆ ಈ ಒಂದು ವರ್ಷದಿಂದ ಅದರ ಟಕ್ ಕೆಲವು ದಿನ ಆಚೆ ಈಚೆ ಆಗ್ತಿದೆ. ಐದು ವಾರಕ್ಕೊಂದ್ಸಲ ಹಂಗಾಗುತ್ತೆ, ಆಮೇಲೆ ಸರಿಹೋಗುತ್ತೆ, ಮತ್ತೆ ಐದು ವಾರ.

ಡಾಕ್ಟ್ರು ಹೇಳಿದ್ದು ಕೇಳು. ಕತ್ತಲಲ್ಲಿ ಒಬ್ಬ, ನಾಯಿಗೆ ಹಗ್ಗ ಕಟ್ಟಿ ಹಿಡ್ಕೊಂಡು ನಡೀತಿದಾನೆ ಅಂದ್ಕೋ. ನಾಯಿ ಕಾಣಲ್ಲ, ಅವನೂ ಕಾಣಲ್ಲ, ಅವನ ಹೆಜ್ಜೆ ಸದ್ದು ಮಾತ್ರ ಕೇಳುತ್ತೆ. ಹೆಜ್ಜೆ ಒಂದ್ಸಲ ಬೇಗ ಬೀಳುತ್ತೆ, ಒಂದ್ಸಲ ತಡವಾಗಿ. ಆಗ ಗೊತ್ತಾಗುತ್ತೆ, ಯಾವುದೋ ಎಳೀತಿದೆ ಅಂತ. ನಕ್ಷತ್ರಾನ ಎಳೆಯೋ ಆ ನಾಯಿ ಯಾವುದು ಗೊತ್ತಾ? ಗ್ರಹ! ಅದನ್ನ ಸುತ್ತುತಾ ಇರೋ ಒಂದು ಗ್ರಹ! ಕಣ್ಣಿಂದ ಯಾರೂ ನೋಡೋಕಾಗಲ್ಲ, ಟಕ್ ಎಣಿಸಿ ಎಣಿಸಿ ಹಿಡಿಯೋದು.

ಇನ್ನೂ ಖಾತ್ರಿ ಇಲ್ಲ. "ಅನುಮಾನ ಅಷ್ಟೇ" ಅಂತಾರೆ ಡಾಕ್ಟ್ರು, ಆದ್ರೆ ಹೇಳುವಾಗ ಮುಖ ನೋಡ್ಬೇಕು. ನೀನು ಯಾರಿಗೂ ಹೇಳ್ಬೇಡ. ಯಾರಿಗೂ ಅಂದ್ರೆ ಯಾರಿಗೂ.

ನಂಗೆ ನಿದ್ದೆ ಬರ್ತಿಲ್ಲ ಅಮ್ಮಾ, ಖುಷಿಗೆ.

ಕಿಡಿ

*

ಆಗಸ್ಟ್ 8

ಮಗಳೇ,

ಹೇಳಿಬಿಟ್ಟೆ.

ಮೊದಲು ಸ್ಟಾಫ್ ರೂಮಿನಲ್ಲಿ, ವಿಜ್ಞಾನದ ಮೇಷ್ಟ್ರಿಗೆ ಮಾತ್ರ, ಅದೂ ನಾಯಿಯ ಉಪಮೆ ಸರಿಯೇ ಎಂದು ಕೇಳಲು. ಅವರು ಎಂಥವರೆಂದು ನಿನಗೆ ಗೊತ್ತು. ಊಟದ ಬಿಡುವಿನೊಳಗೆ ಹೆಡ್‌ಮಾಸ್ಟರಿಗೆ ಮುಟ್ಟಿತು. "ಯಾವ ಮಗಳು? ಆ ಬಾಗಿಲು ಧಡಾರೆಂದು ಹಾಕಿಕೊಂಡು ಹೋದವಳೇ?" ಎಂದರು. "ನನಗಿರುವುದು ಒಬ್ಬಳೇ ಮಗಳು, ಸರ್" ಎಂದೆ. ಮರುದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಅವರೇ ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದರು. ಏಳುನೂರು ಮಕ್ಕಳ ಎದುರು ನಾನು ನಿನ್ನ ಪಲ್ಸಾರಿನ ಕಥೆ ಹೇಳಿದೆ. ಈ ಶಾಲೆಯಲ್ಲಿ ಕಲಿತವಳು, ನನ್ನ ಮಗಳು, ಅಲ್ಲಿದ್ದಾಳೆ ಎಂದೆ. ನಡುವೆ ಎರಡು ಸಲ ಮಾತು ತುಂಡಾಯಿತು. ಮೈಕ್ ಸರಿಯಿಲ್ಲ ಎಂದು ಎಲ್ಲರೂ ತಿಳಿದುಕೊಂಡರು, ಒಳ್ಳೆಯದಾಯಿತು.

ಐದನೇ ತರಗತಿಯವರು ಗೋಡೆಯುದ್ದಕ್ಕೂ ಚಿತ್ರ ಬರೆದಿದ್ದಾರೆ. ಒಬ್ಬಳು ನಿನ್ನ ಗ್ರಹಕ್ಕೆ ಬಾಲ ಇಟ್ಟಿದ್ದಾಳೆ. ನಾಯಿ ಎಂದಿರಲ್ಲ ಟೀಚರ್, ಅನ್ನುತ್ತಾಳೆ.

ಡಿಸೆಂಬರ್ ರಜೆಗೆ ನಾನು ಅಲ್ಲಿಗೆ ಬರುತ್ತೇನೆ. ನಿನ್ನ ಗ್ರಹವನ್ನೂ ಡಾಕ್ಟರನ್ನೂ ಆ ದೊಡ್ಡ ಕಿಟಕಿಯನ್ನೂ ನೋಡಬೇಕು. ನನಗೆ ಹೆಮ್ಮೆಯಾಗಿದೆ. ಈ ಮಾತನ್ನು ಇದುವರೆಗೆ ನಿನಗೆ ಹೇಳಿದ ನೆನಪಿಲ್ಲ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಅಮ್ಮ

*

ಆಗಸ್ಟ್ 27

ಅಮ್ಮಾ,

ನಿಂಗೆ ಬುದ್ಧಿ ಎಲ್ಲಿ ಹೋಗಿತ್ತು? ಯಾರಿಗೂ ಹೇಳ್ಬೇಡ ಅಂದ್ರೆ ಏಳುನೂರು ಜನಕ್ಕೆ ಮೈಕಲ್ಲಿ ಹೇಳಿದೀಯ! ಅನುಮಾನ ಅಂತ ಬರೆದಿದ್ದೆ ಅಮ್ಮಾ, ಅನುಮಾನ! ಮಕ್ಕಳು ನಿಂಗೆ ಹಿಂಗೆ ಬರೆದುಕೊಟ್ರೆ ಕೆಂಪು ಪೆನ್ನಲ್ಲಿ ಹರಿದುಹೋಗೋ ಹಂಗೆ ಗೀಚ್ತೀಯ ತಾನೆ?

ಇವತ್ತು ಡಾಕ್ಟ್ರು ನನ್ನನ್ನೂ ಚಿಕ್ಕಪ್ಪನ್ನೂ ಕರೆದು ಕೂರಿಸಿ ಹೇಳಿದ್ರು. "ಇದನ್ನ ಪ್ರಪಂಚಕ್ಕೆ ಹೇಳೋ ಮುಂಚೆ ನೀವಿಬ್ರು ಇದನ್ನ ಕೊಲ್ಲೋಕೆ ನೋಡ್ಬೇಕು. ಆ ನಕ್ಷತ್ರ ನಮಗೆ ಕಾಣೋದು ತುಂಬಾ ಕೆಳಗೆ, ಬೆಟ್ಟದ ಅಂಚಿಗೆ. ಬಾಣಲೆ ಆ ಕಡೆ ಬಗ್ಗಿದಾಗ ನೆಲದ ಸದ್ದೂ ಒಳಗೆ ಬರುತ್ತೆ. ಐದು ವಾರಕ್ಕೊಂದ್ಸಲ ಆನ್ ಆಗಿ ಆಫ್ ಆಗೋದು ಈ ನೆಲದ ಮೇಲೆ ಏನಾದ್ರೂ ಇದ್ಯಾ, ಹುಡುಕಿ. ಸಿಗದಿದ್ರೆ ಗ್ರಹ. ಸಿಕ್ಕಿದ್ರೆ ಏನೂ ಇಲ್ಲ."

"ಸಿಗದೇ ಇರಲಿ ಅಂತ ಹುಡುಕೋದು ಹೆಂಗೆ?" ಅಂದೆ.

"ಸಿಗಲಿ ಅಂತಲೇ ಹುಡುಕು. ಅದೊಂದೇ ದಾರಿ" ಅಂದ್ರು.

ಅವ್ರಿಗೇನು ಅಮ್ಮಾ. ಅವ್ರ ಅಮ್ಮ ಮೈಕಲ್ಲಿ ಹೇಳಿಲ್ಲ. ನಿನ್ನ ಕಾಗದದ ಕೊನೇ ಸಾಲು ಓದ್ತಾ ವ್ಯಾನಲ್ಲಿ ಕೂತಿದ್ದೆ, ಚಿಕ್ಕಪ್ಪ ಬಗ್ಗಿ ನೋಡಿ, "ಕಣ್ಣಿಗೆ ಧೂಳು ಬಿತ್ತಾ?" ಅಂದ್ರು. ಬಾಯಿ ಮುಚ್ಕೊಂಡು ಗಾಡಿ ಓಡಿಸಿ ಅಂದೆ. ಓಡಿಸಿದ್ರು.

ಆ ಗ್ರಹ ಇರ್ಲೇಬೇಕು. ಇಲ್ಲಾಂದ್ರೆ ನಾನು ಮತ್ತೆ ಬಾಗಿಲು ಧಡಾರ್ ಅಂತ ಹಾಕ್ಕೊಂಡು ಹೋದವಳೇ ಆಗ್ತೀನಿ, ಅಷ್ಟೇ.

ಕಿಡಿ

*

ಸೆಪ್ಟೆಂಬರ್ 24

ಅಮ್ಮಾ,

ಚೆನ್ನಾಗಿದೀನಿ. ಕೆಲಸ ಜಾಸ್ತಿ. ಡಿಸೆಂಬರಲ್ಲಿ ಇಲ್ಲಿ ಚಳಿ, ನಿಂಗೆ ಆಗಲ್ಲ. ಬರೋದು ಬೇಡ.

ಕಿಡಿ

*

ಅಕ್ಟೋಬರ್ 7

ಕಿಡಿ,

ಚಳಿಗೆ ಸ್ವೆಟರ್ ಇದೆ. ಟಿಕೆಟ್ ತೆಗೆಸಿಯಾಗಿದೆ.

ನೀನು ಬೈದು ಎರಡು ಪುಟ ಬರೆದರೆ ನಾನು ನೆಮ್ಮದಿಯಿಂದ ಮಲಗುತ್ತೇನೆ. ನಾಲ್ಕು ಸಾಲಿನಲ್ಲಿ "ಚೆನ್ನಾಗಿದೀನಿ" ಎಂದರೆ ನಿದ್ದೆ ಬರುವುದಿಲ್ಲ. ಏನಾಯಿತು? ಜ್ವರವೇ? ಜಗಳವೇ? ಯಾರಿಗಾದರೂ ಹೊಡೆದೆಯಾ?

ಬರೆ.

ಅಮ್ಮ

*

ನವೆಂಬರ್ 12

ಅಮ್ಮಾ,

ಯಾರಿಗೂ ಹೊಡೆದಿಲ್ಲ. ಕೂತ್ಕೊಂಡು ಓದು.

ಸೆಪ್ಟೆಂಬರಲ್ಲಿ ಮೂರು ವಾರ ಹುಡುಕಿದ್ವಿ. ನೀರಿನ ಪಂಪು, ಬೇಕರಿ ಓವನ್ನು, ಕ್ಷೌರದ ಅಂಗಡಿ ಮಷಿನ್ನು, ಒಬ್ಬಳು ಕದ್ದುಮುಚ್ಚಿ ಇಟ್ಕೊಂಡಿದ್ದ ಫೋನು. ಯಾವುದೂ ಐದು ವಾರದ್ದಲ್ಲ. ಒಂದೊಂದು ಮನೆ ದಾಟಿದಾಗ್ಲೂ ನಂಗೆ ಒಳಗೊಳಗೇ ಕುಣಿಯೋ ಹಂಗಾಗ್ತಿತ್ತು. ಆಮೇಲೆ ಡಾಕ್ಟ್ರು, "ನಿನ್ನೆಯಿಂದ ಮತ್ತೆ ಟಕ್ ಆಚೆ ಈಚೆ ಆಗ್ತಿದೆ, ಹುಡುಕೋದಿದ್ರೆ ಈ ವಾರ" ಅಂದ್ರು. ವ್ಯಾನ್ ಹೋಗದ ಕಡೆ ನಡ್ಕೊಂಡು ಹೋದ್ವಿ. ಬಾಣಲೆ ಎದುರಿಗಿರೋ ದಿಬ್ಬದ ನೆತ್ತಿ ಹತ್ತಿದಾಗ ಹೆಡ್‌ಫೋನಲ್ಲಿ ಟಕ್. ಟಕ್. ಟಕ್.

ಸೆಕೆಂಡಿಗಿಂತ ಒಂಚೂರು ಜಾಸ್ತಿ ಹೊತ್ತಿಗೊಂದು.

ಚಿಕ್ಕಪ್ಪ ನನ್ನ ಮುಖ ನೋಡಿ, ಹೆಡ್‌ಫೋನ್ ಕಿತ್ಕೊಂಡು ತಾವೂ ಕೇಳಿದ್ರು.

ದಿಬ್ಬದ ಮೇಲೆ ಕುರಿಗಳು. ಸುತ್ತ ತಂತಿ ಬೇಲಿ. ಬೇಲಿ ಪಕ್ಕ ಮಡಿಸೋ ಕುರ್ಚೀಲಿ ಒಬ್ಬ ಅಜ್ಜಿ, ಟೋಪಿ ಹಾಕ್ಕೊಂಡು ರಾಣಿ ಥರ ಕೂತಿದ್ಲು.

"ಅಜ್ಜಿ, ಈ ಬೇಲಿಗೆ ಕರೆಂಟ್ ಇದ್ಯಾ?"

"ಮುಟ್ಟಿ ನೋಡು, ಗೊತ್ತಾಗುತ್ತೆ."

ಮುಟ್ಟಿದೆ. ಗೊತ್ತಾಯ್ತು. ನಾನು ಹಾರಿ ಬಿದ್ದಿದ್ದಕ್ಕೆ ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ನರಿಗೂ ಹಿಂಗೇ ಆಗೋದು. ಹೋದ ವರ್ಷ ಆರು ಮರಿ ತಿಂತು, ಅದಕ್ಕೇ ಇದನ್ನ ತಂದೆ."

ಬ್ಯಾಟರಿ ಡಬ್ಬಿ. ಹೆಚ್ಚೂಕಮ್ಮಿ ಸೆಕೆಂಡಿಗೊಂದು ಸಲ ತಂತಿಗೆ ಕರೆಂಟಿನ ಒದೆ ಕೊಡುತ್ತೆ. ಅಜ್ಜಿ ಹುಲ್ಲುಗಾವಲನ್ನ ಐದು ತುಂಡು ಮಾಡ್ಕೊಂಡಿದಾಳೆ. ವಾರಕ್ಕೊಂದು ತುಂಡು ಮೇಯಿಸೋದು, ಮಿಕ್ಕಿದ್ದರಲ್ಲಿ ಹುಲ್ಲು ಚಿಗುರಬೇಕಲ್ಲ. ಕುರಿ ಹೋದ ಕಡೆ ಬೇಲಿನೂ ಡಬ್ಬಿನೂ ಹೋಗುತ್ತೆ. ನಾಲ್ಕು ತುಂಡು ಬೆಟ್ಟದ ಹಿಂದೆ, ಅಲ್ಲಿಂದ ಬಾಣಲೆಗೆ ಕೇಳಲ್ಲ. ಐದನೇದು ಈ ನೆತ್ತಿ.

ಐದು ವಾರಕ್ಕೊಂದ್ಸಲ. ಗೊತ್ತಾಯ್ತಾ ಅಮ್ಮಾ? ಆ ವಾರ ಡಬ್ಬಿಯ ಟಕ್ಕು ನಕ್ಷತ್ರದ ಟಕ್ಕಿನ ಜೊತೆ ಕಲಸಿಹೋಗಿ, ಕಂಪ್ಯೂಟರಿಗೆ ಯಾವುದು ಯಾವುದು ಅಂತ ತಿಳೀದೆ ಲೆಕ್ಕ ಎಳೆದಾಡ್ತಿತ್ತು. ಕುರಿ ಇಳಿದ್ಮೇಲೆ ಎಲ್ಲಾ ಸರಿ. ನಮ್ಮ ಗ್ರಹ ಇಷ್ಟು ದಿನ ಹುಲ್ಲು ಮೇಯ್ತಿತ್ತು.

ಇಳಿಯುವಾಗ ಚಿಕ್ಕಪ್ಪ, "ನಾಳೆ ಹೇಳೋಣ ಬಿಡು, ಇವತ್ತು ಬೇಡ" ಅಂದ್ರು. ಮಾರನೇ ದಿನ ಆ ಮಾತನ್ನ ಅವ್ರೂ ಎತ್ಲಿಲ್ಲ, ನಾನೂ ಎತ್ಲಿಲ್ಲ. ಅವತ್ತೇ ನಿಂಗೆ ಆ ನಾಲ್ಕು ಸಾಲು ಬರೆದಿದ್ದು. ಹೇಳದೇ ಇದ್ರೆ ಯಾರಿಗೆ ಗೊತ್ತಾಗುತ್ತೆ, ನೀನು ಬಂದು ನೋಡ್ಕೊಂಡು ಹೋಗೋವರ್ಗಾದ್ರೂ ಇರಲಿ ಅಂತ ಅನ್ನಿಸ್ತು. ಸುಳ್ಳು ಹೇಳಲ್ಲ, ಚೆನ್ನಾಗೇ ಅನ್ನಿಸ್ತು. ಆದ್ರೆ ಅದರ ಮರುದಿನ ಬೆಳಗ್ಗೆ ಕ್ಯಾಂಟೀನಲ್ಲಿ ಡಾಕ್ಟ್ರು ಎದುರಿಗೆ ಬಂದು ಕೂತು ಟೀ ಹೀರ್ತಾ, "ಏನಾದ್ರೂ?" ಅಂದ್ರು. ನನ್ನ ಬಾಯಿ ನಿಂಗೆ ಗೊತ್ತಲ್ಲ. "ಕುರಿ!" ಅಂತ ಕಿರುಚಿದೆ. ಇಡೀ ಕ್ಯಾಂಟೀನ್ ತಿರುಗಿ ನೋಡ್ತು. "ನಿಮ್ಮ ಗ್ರಹ ಕುರಿ! ಸುಡುಗಾಡು ಕುರಿ!" ಅಂದು ಅತ್ಬಿಟ್ಟೆ.

ಡಾಕ್ಟ್ರು ಲೋಟ ಕೆಳಗಿಟ್ರು. ಎಲ್ಲಾ ಕೇಳಿಸ್ಕೊಂಡ್ರು. ಆಮೇಲೆ ಅವ್ರ ಭುಜ ಅಲ್ಲಾಡೋಕೆ ಶುರುವಾಯ್ತು, ಅಳ್ತಿದಾರೆ ಅಂದ್ಕೊಂಡೆ, ನಗ್ತಿದ್ರು. "ಒಂದು ವರ್ಷ" ಅಂದ್ರು, "ಒಂದು ವರ್ಷ ನಾನು ಕುರಿ ಎಣಿಸಿದೀನಿ." ಆಮೇಲೆ ನಗು ನಿಲ್ಲಿಸಿ, "ನೀನು ಹೇಳಿದ್ದಕ್ಕೆ ಉಳ್ಕೊಂಡೆ. ಮುಂದಿನ ತಿಂಗಳು ಇದನ್ನ ನೂರು ಜನ ವಿಜ್ಞಾನಿಗಳ ಮುಂದೆ ಹೇಳೋದಿತ್ತು" ಅಂದ್ರು. ಟೀ ನನ್ನ ಕಡೆ ತಳ್ಳಿದ್ರು.

ಆದ್ರೂ ಖಾತ್ರಿ ಮಾಡ್ಕೋಬೇಕಲ್ಲ. ಮುಂದಿನ ಸಲ ಕುರಿ ನೆತ್ತಿಗೆ ಬಂದಾಗ ಡಬ್ಬಿ ಆಫ್ ಮಾಡಿಸಿದ್ವಿ. ಅಜ್ಜಿ, "ನರಿ ಬಂದ್ರೆ ನಿಮ್ಮ ಬಾಣಲೆ ಕಾಯುತ್ತಾ?" ಅಂದ್ಲು. ನ್ಯಾಯವಾದ ಮಾತು. ಅದಕ್ಕೆ ಆ ವಾರ ಪೂರ್ತಿ ನಾನೂ ಚಿಕ್ಕಪ್ಪನೂ ಸರದಿ ಹಾಕ್ಕೊಂಡು ಕುರಿ ಕಾದ್ವಿ. ಅವತ್ತು ನಾನು ಸ್ಕೂಲಿಂದ ಎದ್ದು ಹೋಗುವಾಗ ಹಿಂದಿನಿಂದ ಕೂಗಿದ್ಯಲ್ಲ, "ಹೋಗು, ಕುರಿ ಕಾಯೋಕೆ ಹೋಗು!" ಅಂತ. ಹೋದೆ ಅಮ್ಮಾ. ಒಂದು ಮರಿನೂ ಕಳೀಲಿಲ್ಲ.

ಟಕ್ ಒಂದು ಕೂದಲೆಳೆನೂ ಅಲ್ಲಾಡ್ಲಿಲ್ಲ. ಡಾಕ್ಟ್ರು ತೋರಿಸಿದ್ರು, ಗ್ರಾಫಲ್ಲಿ ಚುಕ್ಕಿಗಳೆಲ್ಲಾ ಒಂದೇ ನೇರಕ್ಕೆ ನಿಂತಿದ್ವು. ಗ್ರಹ ಇಲ್ಲ. ಯಾವತ್ತೂ ಇರ್ಲಿಲ್ಲ.

ಮೈಕಲ್ಲಿ ಹೇಳು, ನನ್ನ ಮಗಳು ಏನೂ ಹುಡುಕಿಲ್ಲ ಅಂತ. ಆ ಗೋಡೆ ಚಿತ್ರ ಒರೆಸಿಹಾಕಿ. ಟಿಕೆಟ್ ಕ್ಯಾನ್ಸಲ್ ಮಾಡು. ನೋಡೋಕೆ ಇಲ್ಲಿ ಏನೂ ಇಲ್ಲ.

ಕಿಡಿ

*

ನವೆಂಬರ್ 25

ಮಗಳೇ,

ಹೇಳಿದೆ. ನನ್ನ ಮಾತಿನಲ್ಲಿ ಹೇಳಲು ಬರಲಿಲ್ಲ, ನಿನ್ನ ಕಾಗದವನ್ನೇ ಮೈಕಿನಲ್ಲಿ ಓದಿದೆ. ಪೂರ್ತಿ. "ಸುಡುಗಾಡು" ಬಂದಾಗ ಹೆಡ್‌ಮಾಸ್ಟರ್ ಕೆಮ್ಮಿದರು, ನಾನು ನಿಲ್ಲಿಸಲಿಲ್ಲ. ಬೇಲಿ ಮುಟ್ಟಿದ ಜಾಗಕ್ಕೆ ಮಕ್ಕಳು ಎಷ್ಟು ನಕ್ಕರೆಂದರೆ ಎರಡು ಸಲ ಓದಬೇಕಾಯಿತು. "ಗ್ರಹ ಇಲ್ಲ" ಎಂಬಲ್ಲಿಗೆ ಬಂದಾಗ ಐದನೇ ತರಗತಿಯವರೆಲ್ಲ ಗೋಡೆಯ ಚಿತ್ರದತ್ತ ತಿರುಗಿದರು.

ಆಮೇಲೆ ಹೆಡ್‌ಮಾಸ್ಟರ್ ನನ್ನ ಬಳಿ ಬಂದು, "ಅಂದರೆ ಟೀಚರ್, ಕೊನೆಗೂ ನಿಮ್ಮ ಮಗಳು..." ಎಂದು ಎಳೆದರು. ಸರ್, ನನ್ನ ಮಗಳು ತನಗೆ ಬೇಕಾಗಿದ್ದ ಉತ್ತರವನ್ನು ತಪ್ಪೆಂದು ಕಂಡು ತಾನೇ ಅಳಿಸಿಹಾಕಿದ್ದಾಳೆ, ಇಪ್ಪತ್ತಾರು ವರ್ಷ ಪಾಠ ಮಾಡಿಯೂ ಅದನ್ನು ನನ್ನಿಂದ ಒಬ್ಬರಿಗೂ ಕಲಿಸಲಾಗಲಿಲ್ಲ, ಎಂದೆ. ಅವರು ಗಡಿಯಾರ ನೋಡಿಕೊಂಡು ಹೊರಟುಹೋದರು.

ಗೋಡೆಯ ಚಿತ್ರ ಒರೆಸಲು ಮಕ್ಕಳು ಒಪ್ಪಲಿಲ್ಲ. ಅದರ ಸುತ್ತ ಕುರಿ ಬರೆದಿದ್ದಾರೆ.

ಕುರಿ ಕಾಯಲು ಹೋಗು ಎಂದದ್ದು ನಾನೇ. ಇಷ್ಟು ಚೆನ್ನಾಗಿ ಕಾಯುತ್ತೀಯ ಎಂದು ತಿಳಿದಿರಲಿಲ್ಲ.

ಟಿಕೆಟ್ ಕ್ಯಾನ್ಸಲ್ ಮಾಡುವುದಿಲ್ಲ. ಕಣ್ಣಿಗೆ ಕಾಣದ ಗ್ರಹವೊಂದನ್ನು ನೋಡಲು ಯಾರಾದರೂ ಹನ್ನೆರಡು ಗಂಟೆ ಬಸ್ಸಿನಲ್ಲಿ ಕೂರುತ್ತಾರೆಯೇ? ಯಾರನ್ನು ನೋಡಲು ಟಿಕೆಟ್ ತೆಗೆಸಿದ್ದೆ ಎಂದು ನಿನಗೆ ಇನ್ನೂ ಹೊಳೆದಿಲ್ಲವೆಂದರೆ ನಿನ್ನ ತಲೆ ಕುರಿಗಳಿಗಿಂತ ಗಟ್ಟಿ.

ಅಮ್ಮ

*

ಡಿಸೆಂಬರ್ 6

ಅಮ್ಮಾ,

ಬಸ್ಸು ಮಧ್ಯಾಹ್ನ ಪೋಸ್ಟಾಫೀಸ್ ಮುಂದೆ ನಿಲ್ಲುತ್ತೆ. ಇಳಿದು ಅಲ್ಲೇ ನಿಂತಿರು. ದಾರಿ ಕೇಳ್ಕೊಂಡು ನೀನೇ ಹೊರಟುಬಿಡ್ಬೇಡ, ಚಿಕ್ಕಪ್ಪ ವ್ಯಾನ್ ತರ್ತಾರೆ. ಮುಂದಿನ ಸೀಟು ನಿಂಗೆ ಬಿಡ್ತೀನಿ ಅಂದಿದಾರೆ, ಅಂದ್ರೆ ನಾನು ಹಿಂದೆ ಡಬ್ಬಿಗಳ ನಡುವೆ. ಪರವಾಗಿಲ್ಲ.

ಕೋಣೆ ಗುಡಿಸಿದೀನಿ. ಇನ್ನೊಂದು ಮಂಚ ಡಾಕ್ಟ್ರು ಕಳಿಸಿದಾರೆ. ಅವ್ರು ಈಗ ಬೇರೆ ಪಲ್ಸಾರ್ ಹಿಡ್ಕೊಂಡಿದಾರೆ, ಇದೂ ಸ್ವಲ್ಪ ತೂಗಾಡ್ತಿದೆಯಂತೆ. ನಂಗೆ ಎಲ್ಲಾ ಹೇಳಿದಾರೆ, ನಿಂಗೆ ನಾನು ಒಂದಕ್ಷರ ಹೇಳಲ್ಲ. ಅಜ್ಜಿ ನಿನ್ನನ್ನ ಒಂದು ಕುರ್ಚಿ ಸಮೇತ ದಿಬ್ಬಕ್ಕೆ ಕರ್ಕೊಂಡು ಬಾ ಅಂದಿದಾಳೆ. ಬೇಲಿ ಮುಟ್ಟು ಅಂದ್ರೆ ಮುಟ್ಬೇಡ.

ಸ್ವೆಟರ್ ಎರಡು ತಾ.

ಒಂದು ದಿನ ಇದ್ದು ಹೋಗ್ತೀನಿ ಅಂತ ಬರ್ಬೇಡ. ರಜೆ ಪೂರ್ತಿ ಇರೋ ಹಂಗೆ ಬಾ. ಕಾಗದದಲ್ಲಿ ಜಗಳ ಆಡಿ ನಂಗೆ ಸಾಕಾಗಿದೆ, ಉತ್ತರ ಬರೋಷ್ಟರಲ್ಲಿ ಕೋಪ ಆರಿಹೋಗಿರುತ್ತೆ. ಎದುರೆದುರು ಕೂತು ಆಡೋಣ. ಎರಡು ವರ್ಷದ್ದು ಸೇರ್ಕೊಂಡಿದೆ ಅಮ್ಮಾ, ಒಂದೆರಡು ದಿನಕ್ಕೆ ಮುಗಿಯಲ್ಲ.

ಕಿಡಿ